ಆಂಗಸ್ ಕಟ್ಟಿದ ಎರಡು ಗಂಟು

ನೈರೋಬಿಯ ಕನ್ನಡ ಸಂಘದವರು ಆ ವರ್ಷದ ರಾಜ್ಯೋತ್ಸವಕ್ಕೆ ಸ್ಕಾಟ್‌ಲ್ಯಾಂಡಿನ ನಾಟಕ ಆಡುತ್ತಾರೆಂದು ಗೊತ್ತಾದಾಗ ಪ್ರಗತಿಗೆ ಆಶ್ಚರ್ಯವೇನೂ ಆಗಲಿಲ್ಲ. ಆ ಸಂಘದಿಂದ ಅವಳು ಏನನ್ನು ಬೇಕಾದರೂ ನಿರೀಕ್ಷಿಸುತ್ತಿದ್ದಳು, ಬುದ್ಧಿಯೊಂದನ್ನು ಬಿಟ್ಟು. ಹಿಂದಿನ ವರ್ಷ ಇದೇ ಜನ ಥರ್ಮಾಕೋಲಿನಲ್ಲಿ ಚಿತ್ರದುರ್ಗದ ಕೋಟೆ ಕಟ್ಟಿ, ಎರಡನೇ ದೃಶ್ಯದಲ್ಲೇ ಫ್ಯಾನಿನ ಗಾಳಿಗೆ ಹಾರಿಸಿದ್ದರು. ಉಳಿದ ಥರ್ಮಾಕೋಲು ದಂಡವಾಗಬಾರದೆಂದೇ ಈ ಸಲ ಇನ್ನೊಂದು ಕೋಟೆ ಬೇಕಾಗಿತ್ತೋ ಏನೋ.

ನಾಟಕ ಬರೆದವರು ದ್ವಾರಕಾನಾಥ್. ವಿಮಾ ಕಂಪನಿಯಲ್ಲಿ ದೊಡ್ಡ ಹುದ್ದೆ, ಸಂಘದಲ್ಲಿ ಅದಕ್ಕಿಂತ ದೊಡ್ಡ ಬಾಯಿ. ಎಂದೋ ಎಡಿನ್‌ಬರೋಗೆ ತರಬೇತಿಗೆಂದು ಹೋಗಿ, ಒಂದು ಕೋಟೆ ನೋಡಿ, ಒಂದು ಚೌಕಳಿ ಮಫ್ಲರ್ ಕೊಂಡು ಬಂದಿದ್ದರು. ಅಂದಿನಿಂದ ಸ್ಕಾಟ್‌ಲ್ಯಾಂಡಿನ ಮಧ್ಯಯುಗವೆಲ್ಲ ತಮ್ಮ ಜೇಬಿನಲ್ಲಿದೆ ಎಂಬಂತೆ ಮಾತಾಡುತ್ತಿದ್ದರು. ನಾಟಕಕ್ಕೆ ‘ಹೈಲ್ಯಾಂಡಿನ ಹುಲಿ’ ಎಂದು ಹೆಸರಿಟ್ಟರು. ಸ್ಕಾಟ್‌ಲ್ಯಾಂಡಿನಲ್ಲಿ ಹುಲಿ ಎಲ್ಲಿತ್ತು ಅಂಕಲ್ ಎಂದು ಪ್ರಗತಿ ಕೇಳಿದರೆ, “ಅದು ರೂಪಕ ಕಣಮ್ಮಾ, ನಿಮ್ ಜನರೇಷನ್‌ಗೆ ಅದೆಲ್ಲ ಎಲ್ಲಿ ಅರ್ಥ ಆಗ್ಬೇಕು” ಎಂದು ನಕ್ಕುಬಿಟ್ಟರು.

ಕತೆಯೇನೂ ದೊಡ್ಡದಲ್ಲ. ಒಬ್ಬ ಪಾಳೆಯಗಾರನ ಮಗಳು ಐಲ್ಸಾ. ಶತ್ರುಪಾಳೆಯದ ವೀರ ಆಂಗಸ್‌ಗೆ ಅವಳನ್ನು ಕೊಟ್ಟು ಹಳೆಯ ಜಗಳ ತೀರಿಸಿಕೊಳ್ಳಬೇಕೆಂದು ಅಪ್ಪನ ಹಟ. ಆಂಗಸ್‌ನ ಮುಖದ ಮೇಲೆ ಕಿವಿಯಿಂದ ಗಲ್ಲದವರೆಗೆ ಗಾಯದ ಗುರುತು. ಐಲ್ಸಾ ಒಲ್ಲೆ ಎನ್ನುತ್ತಾಳೆ. ಮೊದಲ ಅಂಕದಲ್ಲಿ ಒಲ್ಲೆ, ಎರಡನೆಯದರಲ್ಲೂ ಒಲ್ಲೆ. ಮೂರನೆಯದರಲ್ಲಿ ಅವನು ತನ್ನ ಗಾಯದ ಕತೆ ಹೇಳುತ್ತಾನೆ, ಇವಳು ಬೆಣ್ಣೆಯ ಹಾಗೆ ಕರಗುತ್ತಾಳೆ, ಮದುವೆಯಾಗುತ್ತದೆ.

“ಅವಳು ಅಷ್ಟು ಸಲ ಬೇಡ ಅಂತಾಳಲ್ಲ, ಯಾರೂ ಕೇಳಲ್ವಾ?” ಎಂದಳು ಪ್ರಗತಿ.

“ಹೆಣ್ಣು ಒಲ್ಲೆ ಅಂದ್ರೇನೇ ಕಣಮ್ಮಾ ಶೃಂಗಾರಕ್ಕೆ ಕಳೆ. ಮೊದಲ್ನೇ ಸೀನಲ್ಲೇ ಹೂಂ ಅಂದ್ಬಿಟ್ರೆ ಆಡಿಯನ್ಸ್ ಎದ್ದು ಊಟಕ್ಕೆ ಹೋಗ್ತಾರೆ.”

ಆಡಿಯನ್ಸ್ ಹೇಗೂ ಊಟಕ್ಕೇ ಬರುವುದು ಎಂದು ಪ್ರಗತಿಗೆ ಗೊತ್ತಿತ್ತು.

ಐಲ್ಸಾಳ ಪಾತ್ರಕ್ಕೆ ಪ್ರಗತಿಯೇ ಆಗಬೇಕೆಂದು ಇಡೀ ಸಂಘ ಒಂದೇ ಬಾಯಲ್ಲಿ ಹೇಳಿತು. ಆಂಗಸ್‌ನ ಪಾತ್ರಕ್ಕೆ ಅಮೋಘ್. ಇದು ನಾಟಕದ ಮೇಲಿನ ಪ್ರೀತಿಯಿಂದ ಆದದ್ದಲ್ಲ. ಸಂಘದ ಅಧ್ಯಕ್ಷ ತ್ರಿವಿಕ್ರಮ, ಪ್ರಗತಿಯ ಅಪ್ಪ. ಟೆಲಿಕಾಂ ಕಂಪನಿಯವರು ಮೂರು ವರ್ಷಕ್ಕೆಂದು ಕಳಿಸಿದ್ದ ಪೋಸ್ಟಿಂಗು ಹಿಗ್ಗುತ್ತ ಹಿಗ್ಗುತ್ತ ಮಗಳು ಓದು ಮುಗಿಸಿ ವೆಸ್ಟ್‌ಲ್ಯಾಂಡ್ಸಿನ ಬ್ಯಾಂಕೊಂದರಲ್ಲಿ ಕೆಲಸಕ್ಕೆ ಸೇರುವವರೆಗೂ ಬಂದಿತ್ತು. ಇನ್ನು ಅವಳಿಗೊಂದು ಮದುವೆ ಮಾಡಿ ಜಯನಗರಕ್ಕೆ ವಾಪಸಾಗುವುದೆಂದು ಅವರೂ, ಹೆಂಡತಿ ಭಾನುಮತಿಯೂ ನಿಶ್ಚಯಿಸಿಕೊಂಡಿದ್ದರು. ಗಂಡು ನೈರೋಬಿಯಲ್ಲೇ ಸಿಕ್ಕಿದ್ದ. ಅಮೋಘ್, ಬೆಂಗಳೂರಿನ ಹುಡುಗ, ಗಿಗಿರಿಯಲ್ಲಿ ಸಾಫ್ಟ್‌ವೇರ್ ಕೆಲಸ, ಒಂದೇ ಗೋತ್ರವೂ ಅಲ್ಲ.

ಜುಲೈಯಲ್ಲಿ ಹೆಣ್ಣು ನೋಡುವ ಶಾಸ್ತ್ರ ಆಯಿತು. ಅವನ ತಂದೆ ತಾಯಿ ಬೆಂಗಳೂರಿನಿಂದ ಸ್ಕೈಪಿನಲ್ಲಿ ಬಂದು, ಇಲ್ಲಿನ ತಟ್ಟೆಯಲ್ಲಿದ್ದ ಉಪ್ಪಿಟ್ಟು ಕೇಸರಿಭಾತನ್ನು ಅಲ್ಲಿಂದಲೇ ಹೊಗಳಿದರು. ಕರೆ ಮುಗಿದ ಮೇಲೆ ಪ್ರಗತಿ, “ನಂಗೆ ಬೇಡಮ್ಮಾ” ಎಂದಳು.

“ನಾಚ್ಕೆ” ಎಂದು ಭಾನುಮತಿ ಗಂಡನಿಗೆ ಹೇಳಿದರು.

“ನಾಚ್ಕೆ ಅಲ್ಲ. ಬೇಡ.”

“ಬೇರೆ ಯಾರಾದ್ರೂ ಇದಾರೇನೆ?”

“ಇಲ್ಲ.”

“ಮತ್ತೆ?”

ಬೇಡ ಎನ್ನುವುದಕ್ಕೆ ಇನ್ನೊಬ್ಬ ಗಂಡಸು ಕಾರಣವಾಗಿ ಬೇಕು, ತನ್ನ ಮನಸ್ಸು ಸಾಲದು ಎಂಬುದು ಅವಳಿಗೆ ಹೊಸ ವಿಷಯ. ತ್ರಿವಿಕ್ರಮ ಮಗಳ ತಲೆ ಸವರಿ, “ಟೈಮ್ ತಗೋ ಪುಟ್ಟಿ” ಎಂದರು. ಅವಳು ಟೈಮ್ ತಗೊಂಡು ಆಗಸ್ಟಿನಲ್ಲಿ ಬೇಡ ಎಂದಳು. “ಇನ್ನೂ ಸ್ವಲ್ಪ ಟೈಮ್ ತಗೋ” ಎಂದರು. ಹೂಂ ಎನ್ನುವುದಕ್ಕೆ ಮಾತ್ರ ಕೊಟ್ಟ ಟೈಮ್ ಅದು. ಆಮೇಲೆ ಬಂತು ನಾಟಕ. ಸ್ಟೇಜಿನ ಮೇಲೆ ಕೈ ಕೈ ಹಿಡಿದರೆ ಮನಸ್ಸೂ ಕೂಡಿಕೊಳ್ಳುತ್ತದೆ ಎಂದು ಹಿರಿಯರು ಕಾಫಿ ಕುಡಿಯುತ್ತ ಲೆಕ್ಕ ಹಾಕಿದ್ದರು. ನಾಟಕ ಮುಗಿದರೆ ಎಂಗೇಜ್‌ಮೆಂಟು, ಜನವರಿಯಲ್ಲಿ ಬಸವನಗುಡಿಯಲ್ಲಿ ಛತ್ರ.

ಅಮೋಘನ ಮುಖದ ಮೇಲೆ ಗಾಯದ ಗುರುತು ನಿಜವಾಗಿಯೇ ಇತ್ತು. ಎಡ ಕಿವಿಯ ಕೆಳಗಿನಿಂದ ಗಲ್ಲದವರೆಗೆ ಇಳಿದಿತ್ತು. ಹಿಂದಿನ ವರ್ಷ ಕಸರಾನಿಯ ಹತ್ತಿರ ಮಟಾಟುವಿನಲ್ಲಿ, ಅಂದರೆ ಜನ ತುಂಬಿಕೊಂಡು ಓಡುವ ಬಾಡಿಗೆ ವ್ಯಾನಿನಲ್ಲಿ, ಹೋಗುತ್ತಿದ್ದಾಗ ದರೋಡೆಕೋರರು ಹತ್ತಿದ್ದರು, ಮುದುಕಿಯೊಬ್ಬಳ ಚೀಲ ಕಿತ್ತುಕೊಳ್ಳಲು ಹೋದಾಗ ಇವನು ಅಡ್ಡ ನಿಂತ, ಮಚ್ಚಿನಿಂದ ಹೊಡೆದರು, ಇದು ಸಂಘದಲ್ಲಿ ಎಲ್ಲರಿಗೂ ಬಾಯಿಪಾಠವಾಗಿದ್ದ ಕತೆ. ಸಂಘದವರು ಅವನಿಗೆ ಮೈಸೂರು ಪೇಟ ಇಟ್ಟು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡಿದ್ದರು. ಸಂಘಕ್ಕೆ ಒಂದು ಕಾರಣ ಸಿಕ್ಕಿದರೆ ಸಾಕು, ಶಾಲು ಸದಾ ಸಿದ್ಧವಿರುತ್ತಿತ್ತು. ಗಿಗಿರಿಯಲ್ಲಿ ಕೆಲಸ ಮಾಡುವವನು, ಕಂಪನಿಯ ಕಾರಿನಲ್ಲಿ ಓಡಾಡುವವನು, ಕಸರಾನಿಯ ಮಟಾಟುವಿನಲ್ಲಿ ಏನು ಮಾಡುತ್ತಿದ್ದ ಎಂದು ಒಬ್ಬರಿಗೂ ತೋಚಿರಲಿಲ್ಲ. ಪ್ರಗತಿಗೆ ತೋಚಿತ್ತು.

ಶನಿವಾರ ಶನಿವಾರ ವೆಸ್ಟ್‌ಲ್ಯಾಂಡ್ಸಿನ ಬಾಡಿಗೆ ಹಾಲಿನಲ್ಲಿ ರಿಹರ್ಸಲ್ ನಡೆಯಿತು. ಸ್ಕಾಟಿಷ್ ಗಂಡಸರ ಲಂಗ ಕಿಲ್ಟಿಗೆ ಬಟ್ಟೆ ಸಿಗದೆ, ಮಾರ್ಕೆಟ್ಟಿನಿಂದ ಮಸಾಯಿಗಳು ಹೊದೆಯುವ ಕೆಂಪು ಚೌಕಳಿಯ ಶುಕಾ ತಂದು ಗಂಡಸರ ಸೊಂಟಕ್ಕೆ ಸುತ್ತಿದರು. ಒಳಗೆ ಪ್ಯಾಂಟು ಹಾಕಿಕೊಳ್ಳಬಹುದೋ ಬೇಡವೋ ಎಂಬ ಚರ್ಚೆಗೆ ಒಂದು ಇಡೀ ಸಂಜೆ ಹೋಯಿತು. ಮದುವೆಯ ದೃಶ್ಯದಲ್ಲಿ ವಧೂವರರ ಕೈಗೆ ಪಟ್ಟಿ ಕಟ್ಟುವ ಸ್ಕಾಟಿಷ್ ಪದ್ಧತಿಯನ್ನು ದ್ವಾರಕಾನಾಥ್ ಬರೆದಿದ್ದರು. ಅವರ ಹೆಂಡತಿ ವಿಮಲಾ ಒಪ್ಪಲಿಲ್ಲ.

“ಕೈ ಕಟ್ಟಿದ್ರೆ ಪೊಲೀಸ್ನೋರು ಹಿಡ್ಕೊಂಡು ಹೋದಂಗಿರತ್ತೆ ರೀ. ತಾಳಿ ಕಟ್ಟಿಸಿ. ತಾಳಿ ಇಲ್ದೆ ನಮ್ ಜನ ಮದ್ವೆ ಅಂತ ಒಪ್ತಾರಾ?”

ಹೀಗೆ ಸ್ಕಾಟ್‌ಲ್ಯಾಂಡಿಗೆ ತಾಳಿ ಬಂತು. ಅದರ ಹಿಂದೆಯೇ ವಿಮಲಾ ಆಂಟಿಯ ಎಚ್ಚರಿಕೆಯೂ ಬಂತು. ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ನಾಟಕದವರ ನಡುವೆ ಬೆಳೆದವರು ಅವರು. ನಾಟಕದಲ್ಲಿ ತಾಳಿ ಕಟ್ಟುವಾಗ ಎರಡೇ ಗಂಟು ಹಾಕಬೇಕು, ಮೂರನೆಯದನ್ನು ಹಾಕಿದ ಹಾಗೆ ನಟಿಸಿ ಬಿಟ್ಟುಬಿಡಬೇಕು. ಮೂರನೆಯದು ಬಿದ್ದರೆ ಅದು ನಾಟಕವಲ್ಲ. ಅಮೋಘ್ ತಲೆಯಾಡಿಸಿದ. ಅವನು ಎಲ್ಲದಕ್ಕೂ ತಲೆಯಾಡಿಸುತ್ತಿದ್ದ.

ಅಕ್ಟೋಬರಿನ ಒಂದು ಶನಿವಾರ ರಿಹರ್ಸಲ್ ಮುಗಿದ ಮೇಲೆ ಅವನು ಪ್ರಗತಿಯನ್ನು ಮನೆಗೆ ಬಿಡುತ್ತೇನೆಂದು ಕಾರು ಹತ್ತಿಸಿಕೊಂಡ. ವೆಸ್ಟ್‌ಲ್ಯಾಂಡ್ಸಿನ ಟ್ರಾಫಿಕ್ಕಿನಲ್ಲಿ ಕಾರು ನಿಂತಿತು. ಮಾತಿಲ್ಲದೆ ಕೂರುವುದು ಕಷ್ಟವಾಗಿ ಪ್ರಗತಿ ಕೇಳಿಯೇಬಿಟ್ಟಳು.

“ಆ ಮಟಾಟು ಯಾವ ನಂಬರ್ದು ಅಮೋಘ್?”

“ಯಾವ ಮಟಾಟು?”

“ದರೋಡೆ ಆಯ್ತಲ್ಲ.”

ಅವನು ಗುರುತಿನ ಮೇಲೆ ಬೆರಳಾಡಿಸಿದ. “ಮಟಾಟು ಇರ್ಲಿಲ್ಲ ಪ್ರಗತಿ. ನಮ್ಮ ಫ್ಲ್ಯಾಟ್ ಬಾಲ್ಕನಿ ಇದ್ಯಲ್ಲ, ಗ್ಲಾಸ್ ಡೋರ್. ಫೋನ್ ನೋಡ್ಕೊಂಡು ಹೋಗ್ತಾ ಇದ್ದೆ. ಹೆಲನ್ ಅಂತ ಮನೆ ಕ್ಲೀನ್ ಮಾಡೋಕೆ ಬರ್ತಾರೆ, ಅವತ್ತು ಗ್ಲಾಸ್‌ನ ಎಷ್ಟು ಚೆನ್ನಾಗಿ ಒರೆಸಿದ್ರು ಅಂದ್ರೆ, ಡೋರ್ ಓಪನ್ ಇದೆ ಅನ್ಕೊಂಡು ಸೀದಾ ಗ್ಲಾಸ್‌ಗೇ ನುಗ್ಬಿಟ್ಟೆ.”

ಪ್ರಗತಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನೂ ನಕ್ಕ.

“ಆಫೀಸಲ್ಲಿ ಯಾರೋ ಏನಾಯ್ತು ಅಂದ್ರು. ತಮಾಷೆಗೆ ಮಚ್ಚು ಅಂದೆ. ಅದು ಬೆಳ್ಕೊಂಡು ಬೆಳ್ಕೊಂಡು ಭಾನುವಾರ ಸಂಘಕ್ಕೆ ಬರೋಷ್ಟರಲ್ಲಿ ನಿಮ್ಮ ತಂದೆ ಶಾಲು ಹಿಡ್ಕೊಂಡು ನಿಂತಿದ್ರು. ತಲೆ ಮೇಲೆ ಪೇಟ ಇಟ್ಮೇಲೆ ಹೆಂಗೆ ಹೇಳೋದು?”

ಜುಲೈಯಿಂದ ಅವನ ಮೇಲೆ ಅವಳಿಗಿದ್ದ ತಿರಸ್ಕಾರ ಆ ಟ್ರಾಫಿಕ್ಕಿನಲ್ಲಿ ಮೊದಲ ಸಲ ಸ್ವಲ್ಪ ಕರಗಿತು. ಗಾಜಿಗೆ ಢಿಕ್ಕಿ ಹೊಡೆದವನು ಒಬ್ಬ ಮನುಷ್ಯ. ಮಚ್ಚಿಗೆ ಎದೆಯೊಡ್ಡಿದವನು ಬರೀ ಸಂಘದ ಶಾಲು. ಮೊದಲನೆಯವನ ಜೊತೆ ಒಂದು ಕಾಫಿ ಕುಡಿಯಬಹುದು ಎಂದು ಅವಳಿಗೆ ನಿಜವಾಗಿ ಅನ್ನಿಸಿತು.

“ಒಂದು ಕೆಲ್ಸ ಮಾಡಿ” ಎಂದಳು. “ಮೂರನೇ ಅಂಕದಲ್ಲಿ ಐಲ್ಸಾ ಗಾಯದ ಬಗ್ಗೆ ಕೇಳ್ತಾಳಲ್ಲ, ಅಲ್ಲಿ ಎಲ್ಲರೆದುರಿಗೆ ನಿಜ ಹೇಳ್ಬಿಡಿ. ನಾನು ನಿಮ್ಮನ್ನ ಮದ್ವೆ ಆಗಲ್ಲ, ಅದನ್ನ ನಿಮ್ಗೂ ಹೇಳಿದೀನಿ. ಆದ್ರೆ ನಿಮ್ ಬಗ್ಗೆ ಮರ್ಯಾದೆ ಬರತ್ತೆ. ಆಮೇಲೆ ಮದ್ವೆ ಬೇಡ ಅಂತ ಇಬ್ರೂ ಸೇರಿ ದೊಡ್ಡೋರಿಗೆ ಹೇಳೋಣ.”

“ಷೂರ್” ಎಂದ ಅವನು. “ಪ್ರಾಮಿಸ್.”

ನಾಟಕದ ಭಾನುವಾರ ಮಧ್ಯಾಹ್ನ ಹಾಲು ಜನರಿಂದ ತುಂಬಿತ್ತು. ಹಿಂದಿನ ಬಾಗಿಲಿಂದ ಬಿಸಿಬೇಳೆಭಾತಿನ ವಾಸನೆ ತೇಲಿಬಂದು ಎಲ್ಲರ ಕಲಾಭಿಮಾನವನ್ನು ಹೆಚ್ಚಿಸುತ್ತಿತ್ತು. ಪ್ರಗತಿಗೆ ಮೇಕಪ್ ಮಾಡುತ್ತಿದ್ದವಳು ಶಾಲೆಟ್. ಬ್ಯಾಂಕಿನಲ್ಲಿ ಪಕ್ಕದ ಮೇಜಿನವಳು, ಮಂಗಳೂರಿನ ಕಡೆಯ ಕ್ರಿಶ್ಚಿಯನ್ ಹುಡುಗಿ, ಕಸರಾನಿಯಲ್ಲಿ ಮನೆ. ಪ್ರಗತಿಯ ಮಾತನ್ನು ಅರ್ಧ ಕಿವಿಯಲ್ಲಾದರೂ ಕೇಳುತ್ತಿದ್ದವಳು ಅವಳೊಬ್ಬಳೇ.

“ನಿನ್ನ ಅಪ್ಪ ಮೈಕಿನವನ ಹತ್ರ ಹೇಳ್ತಾ ಇದ್ರು ಮಾರಾಯ್ತಿ” ಎಂದಳು ಶಾಲೆಟ್, ಹುಬ್ಬು ತಿದ್ದುತ್ತ. “ನಾಟಕ ಮುಗಿದ ಕೂಡ್ಲೇ ನಿಮ್ಮ ಎಂಗೇಜ್‌ಮೆಂಟ್ ಅನೌನ್ಸ್ ಮಾಡ್ಲಿಕ್ಕುಂಟಂತೆ. ಸ್ಟೇಜಲ್ಲೇ. ನಿನಗೆ ಗೊತ್ತುಂಟಾ?”

ಪ್ರಗತಿಗೆ ಗೊತ್ತಿರಲಿಲ್ಲ. ಇಷ್ಟು ಜನರೆದುರಿಗೆ ಹೇಳಿಬಿಟ್ಟರೆ ಆಮೇಲೆ ಬೇಡ ಎನ್ನುವುದು ಅಪ್ಪನ ಮಾನದ ಪ್ರಶ್ನೆಯಾಗುತ್ತದೆ, ಅಮ್ಮನ ಬಿಪಿಯ ಪ್ರಶ್ನೆಯಾಗುತ್ತದೆ, ತನ್ನ ಪ್ರಶ್ನೆಯಾಗಿ ಮಾತ್ರ ಉಳಿಯುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಷ್ಟರಲ್ಲಿ ಭಾನುಮತಿ ರೇಷ್ಮೆ ಸೀರೆ ಸರಭರ ಮಾಡುತ್ತ ಒಳಗೆ ಬಂದು ಒಂದು ಕುಂಕುಮದ ಡಬ್ಬಿ ತೆಗೆದರು. ಒಳಗೆ ಅರಿಶಿನದ ದಾರಕ್ಕೆ ಪೋಣಿಸಿದ ಚಿನ್ನದ ತಾಳಿ.

“ಡ್ರಾಮಾ ತಾಳಿ ಕಟ್ಟಿಸ್ಕೋಬಾರದು ಕಣೇ, ಅಪಶಕುನ. ಇದು ನಿಮ್ಮಜ್ಜೀದು. ಹೆಂಗೂ ನಿಂಗೇ ತಾನೇ.”

“ಅಮ್ಮಾ, ನಂಗೆ ಬೇಡ ಅಂತ ಜುಲೈಯಿಂದ ಹೇಳ್ತಿದೀನಿ.”

“ಲಿಪ್‌ಸ್ಟಿಕ್ ಸ್ವಲ್ಪ ಜಾಸ್ತಿ ಆಯ್ತು ನೋಡಮ್ಮಾ ಶಾಲೆಟ್” ಎಂದು ಹೇಳಿ ಭಾನುಮತಿ ಹೊರಟುಹೋದರು.

ಇನ್ನು ಉಳಿದದ್ದು ಅಮೋಘನ ಪ್ರಾಮಿಸ್ ಒಂದೇ. ಅವನು ನಿಜ ಹೇಳಿಬಿಟ್ಟರೆ ಹಾಲಿನಲ್ಲಿ ಗಲಿಬಿಲಿಯಾಗುತ್ತದೆ, ಎಂಗೇಜ್‌ಮೆಂಟಿನ ಮಾತೆತ್ತಲು ಅಪ್ಪನಿಗೆ ಬಾಯಿ ಬರುವುದಿಲ್ಲ. ಅವಳು ಯಾವತ್ತೂ ಗೌರವಿಸದಿದ್ದ ಒಬ್ಬ ಗಂಡಸಿನ ಮಾತಿಗೆ ತನ್ನ ಬದುಕನ್ನು ನೇತುಹಾಕಿ ಸ್ಟೇಜಿನ ಮೇಲೆ ಹೋದಳು.

ಮೊದಲೆರಡು ಅಂಕ ಸಂಘದ ಮರ್ಯಾದೆಗೆ ತಕ್ಕ ಹಾಗೆ ನಡೆದವು. ಸೇನಾಪತಿಯ ಶುಕಾ ಸಡಿಲವಾಗಿ ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಯುದ್ಧ ಮಾಡಿದ. ಐಲ್ಸಾ ಒಲ್ಲೆ ಎಂದಾಗಲೆಲ್ಲ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮೂರನೇ ಅಂಕ ಬಂತು. ಪ್ರಗತಿ ಥರ್ಮಾಕೋಲಿನ ಕಿಟಕಿಯ ಪಕ್ಕ ನಿಂತು ತನ್ನ ಮಾತು ಹೇಳಿದಳು.

“ಹೇಳು ಆಂಗಸ್, ನಿನ್ನ ಮೊಗದ ಮೇಲಿನ ಈ ಗಾಯ ಯಾವ ರಣದಲ್ಲಿ ಆದದ್ದು?”

ಅಮೋಘ್ ಮುಂದೆ ಬಂದ. ಹಾಲಿನ ಕಡೆ ನೋಡಿದ, ಅವಳ ಕಡೆ ನೋಡಿದ.

“ಇದು... ಯಾವ ರಣಾನೂ ಅಲ್ಲ” ಎಂದ. “ಬಾಲ್ಕನಿ ಗ್ಲಾಸ್ ಡೋರ್‌ಗೆ ಗುದ್ಕೊಂಡಿದ್ದು. ಫೋನ್ ನೋಡ್ತಾ ಇದ್ದೆ.”

ಹೇಳಿಯೇಬಿಟ್ಟ, ಭಲೆ, ಎಂದುಕೊಂಡಳು ಪ್ರಗತಿ. ಆಮೇಲೆ ಹಾಲಿಗೆ ಹಾಲೇ ಹೋ ಎಂದು ನಕ್ಕಿತು. ಚಪ್ಪಾಳೆ ಬಿತ್ತು. “ಸೂಪರ್ ಕಾಮಿಡಿ!” ಎಂದು ಯಾರೋ ಕೂಗಿದರು. ಮುಂದಿನ ಸಾಲಿನಲ್ಲಿ ತ್ರಿವಿಕ್ರಮ ಕಣ್ಣೊರೆಸಿಕೊಳ್ಳುತ್ತ ಪಕ್ಕದವರಿಗೆ, “ಎಷ್ಟು ಸಿಂಪಲ್ ನೋಡಿ ಹುಡುಗ, ಅಷ್ಟು ದೊಡ್ಡ ಕೆಲ್ಸ ಮಾಡಿದ್ರೂ ಜಂಬ ಇಲ್ಲ” ಎಂದದ್ದು ಸ್ಟೇಜಿನವರೆಗೂ ಕೇಳಿಸಿತು.

ಅಮೋಘ್ ಆ ನಗುವನ್ನು ಕೇಳಿದ. ಇನ್ನೊಂದು ಸಲ ಹೇಳಿದ್ದರೆ, ಇದು ತಮಾಷೆಯಲ್ಲ ಎಂದು ಒಂದೇ ಒಂದು ಮಾತು ಸೇರಿಸಿದ್ದರೆ ಸಾಕಿತ್ತು. ಬದಲಿಗೆ ಅವನ ಮುಖ ಅರಳಿತು. ತಪ್ಪಿಸಿಕೊಳ್ಳಲು ದಾರಿ ಸಿಕ್ಕವನ ಮುಖ ಅದು. ಅವನು ಹಾಲಿಗೆ ಬಗ್ಗಿ ಕೈಮುಗಿದು, ಎದೆ ಉಬ್ಬಿಸಿ, “ನಗೆಯ ಮಾತು ಸಾಕು ತರುಣಿ! ಕೇಳು, ಈ ಗಾಯ ಒಬ್ಬ ವೃದ್ಧೆಯ ಮಾನ ಕಾಯುವಾಗ ಆದದ್ದು” ಎಂದು ದ್ವಾರಕಾನಾಥರ ಸಂಭಾಷಣೆಗೆ ವಾಪಸು ಓಡಿದ.

ಮೊದಲಿನಿಂದ ಸುಳ್ಳು ಹೇಳಿದವನನ್ನು ಪ್ರಗತಿ ಕ್ಷಮಿಸಿದ್ದಳು. ಬಾಯಿಂದ ಹೊರಬಂದ ನಿಜವನ್ನು ಚಪ್ಪಾಳೆಗೆ ಮಾರಿಕೊಂಡವನನ್ನು ಕ್ಷಮಿಸಲು ಆಗಲಿಲ್ಲ.

ನಾದಸ್ವರದ ರೆಕಾರ್ಡ್ ಹಾಕಿದರು. ಅದು ಕೇಳಿದ್ದೇ ತಡ, ಅಭ್ಯಾಸಬಲದಿಂದ ಜನ ಎದ್ದು ನಿಂತರು. ವಿಮಲಾ ಆಂಟಿ ಮೊದಲೇ ಅಕ್ಷತೆ ಹಂಚಿಬಿಟ್ಟಿದ್ದರು. ಅಮೋಘ್ ತಾಳಿಯನ್ನು ಅವಳ ಕೊರಳಿಗೆ ತಂದು ಹಿಂದೆ ಒಂದು ಗಂಟು ಹಾಕಿದ. ಎರಡನೆಯದು ಹಾಕಿದ. ಸೈಡ್ ವಿಂಗಿನಲ್ಲಿ ನಿಂತಿದ್ದ ಭಾನುಮತಿ ಕಣ್ಣಲ್ಲಿ ನೀರು ತುಂಬಿಕೊಂಡು, ಹೂಂ, ಹೂಂ, ಎಂದು ಅವನಿಗೆ ತಲೆಯಾಡಿಸುತ್ತಿದ್ದರು. ಅವನ ಬೆರಳು ನಿಲ್ಲಲಿಲ್ಲ. ಮೂರನೆಯ ಗಂಟಿಗೆ ದಾರ ಸುತ್ತತೊಡಗಿದ.

“ಬೇಡ” ಎಂದಳು ಪ್ರಗತಿ, ಮೆಲ್ಲಗೆ.

“ಶ್! ಸುಮ್ನಿರಿ ಪ್ರಗತಿ, ಎಲ್ರೂ ನೋಡ್ತಿದಾರೆ” ಎಂದು ಅವನು ಕಿವಿಯಲ್ಲಿ ಪಿಸುಗುಟ್ಟಿದ.

ಅವಳು ಕೈ ಹಿಂದೆ ಹಾಕಿ ಅವನ ಬೆರಳಿನಿಂದ ದಾರ ಬಿಡಿಸಿಕೊಂಡು ಹಾಲಿನ ಕಡೆ ತಿರುಗಿದಳು. “ನಾನು ಒಲ್ಲೆ!” ಎಂದಳು. “ಕೇಳಿಸ್ತಾ? ಐಲ್ಸಾ ಅಲ್ಲ, ನಾನು, ಪ್ರಗತಿ. ಇವರನ್ನ ನಾನು ಮದ್ವೆ ಆಗಲ್ಲ. ಜುಲೈಲೂ ಆಗಲ್ಲ ಅಂದಿದ್ದೆ, ಈಗ್ಲೂ ಆಗಲ್ಲ.”

ಹಾಲು ಚಪ್ಪಾಳೆಯಿಂದ ಬಿರಿಯಿತು. ಅಕ್ಷತೆ ಹಾರಿಬಂದು ಅವಳ ಮುಖಕ್ಕೆ ಬಡಿಯಿತು. “ಅದ್ಭುತ! ಏನು ಆಕ್ಟಿಂಗು!” ಎಂದು ದ್ವಾರಕಾನಾಥ್ ತಾವು ಬರೆಯದ ಸಾಲಿಗೆ ತಾವೇ ಬೀಗಿದರು. ತ್ರಿವಿಕ್ರಮ ಮೈಕು ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಇಷ್ಟು ಜನ, ಇಷ್ಟು ಕಿವಿ. ಇವರೆದುರಿಗೆ ಗಂಟಲು ಹರಿದುಕೊಂಡರೂ ತನಗೆ ಸಿಗುವುದು ಇನ್ನೊಂದು ಶಾಲು ಎಂದು ಅವಳಿಗೆ ಹೊಳೆಯಿತು. ಈ ಜನಕ್ಕೆ ಹೇಳುವುದನ್ನು ಅವಳು ಅಲ್ಲಿಗೆ ಬಿಟ್ಟಳು.

ಸ್ಟೇಜಿನಿಂದ ಇಳಿದು ವಿಂಗಿನ ಬಳಿ ನಿಂತು ಕೊರಳ ಹಿಂದಕ್ಕೆ ಕೈ ಹಾಕಿದಳು. ಎರಡೇ ಗಂಟು, ಬೇಗ ಬಿಚ್ಚಿಕೊಂಡವು. ತಾಳಿಯನ್ನು ಅಮ್ಮನ ಕೈಗಿಟ್ಟಳು.

“ಎಲ್ಲರೆದುರಿಗೆ ಹಿಂಗಾ ಮಾಡೋದು?” ಎಂದರು ಭಾನುಮತಿ. “ಮನೇಲಿ ಹೇಳ್ಬಾರ್ದಿತ್ತೇನೆ?”

“ಮನೇಲೇ ಹೇಳಿದ್ನಲ್ಲಮ್ಮಾ.”

ಪ್ರಗತಿ ಕುರ್ಚಿಗಳ ನಡುವಿನ ದಾರಿಯಲ್ಲಿ, ಉದ್ದ ಬಿಳಿ ಗೌನಿನಲ್ಲಿ, ಚಿನ್ನದ ಕಾಗದದ ಕಿರೀಟದಲ್ಲಿ, ಹೆಗಲ ಮೇಲೆ ಕೆಂಪು ಶುಕಾ ಹೊದ್ದು ನಡೆದು ಹೋದಳು. ಅವಳು ಬಾಗಿಲು ದಾಟುವವರೆಗೂ ಜನ ಚಪ್ಪಾಳೆ ತಟ್ಟುತ್ತಲೇ ಇದ್ದರು. ಹಿಂದಿನಿಂದ ಶಾಲೆಟ್ ಓಡಿಬಂದು ತನ್ನ ಚೀಲವನ್ನು ಅವಳ ಕೈಗೆ ತುರುಕಿದಳು.

“ಮನೆಯ ಕೀ ಇದರಲ್ಲುಂಟು. ಸೀದಾ ಕಸರಾನಿಗೆ ಹೋಗು. ನಾನು ಇಲ್ಲಿ ಇವರನ್ನೆಲ್ಲ ನೋಡಿಕೊಂಡು ಬರ್ತೇನೆ.”

ರಸ್ತೆಯಲ್ಲಿ ಟೌನಿನ ಕಡೆಗೆ ಹೋಗುವ ಮಟಾಟು ಹಾಡು ಅರಚುತ್ತ ನಿಂತಿತ್ತು. ಬಾಗಿಲಲ್ಲಿ ಜೋತುಬಿದ್ದಿದ್ದ ದಪ್ಪನೆಯ ಕಂಡಕ್ಟರ್ ಹೆಂಗಸು ಪ್ರಗತಿಯ ಗೌನನ್ನೂ, ಕಿರೀಟವನ್ನೂ, ಕೂದಲಲ್ಲಿ ಸಿಕ್ಕಿಕೊಂಡಿದ್ದ ಹಳದಿ ಅಕ್ಕಿಯನ್ನೂ ಮೇಲಿಂದ ಕೆಳಗೆ ನೋಡಿದಳು.

“ಹರೂಸಿ?” ಎಂದಳು. ಮದುವೆಯಾ, ಎಂದು.

“ಹಪಾನಾ” ಎಂದಳು ಪ್ರಗತಿ. ಅಲ್ಲ, ಇಲ್ಲ. ಈ ಊರಲ್ಲಿ ಮಕ್ಕಳಿಗೂ ಬರುವ ಮಾತು.

“ಸವಾ” ಎಂದಳು ಆ ಹೆಂಗಸು. ಸರಿ ಎಂದಷ್ಟೇ ಅರ್ಥ. ಯಾಕೆ ಎನ್ನಲಿಲ್ಲ, ಮತ್ತೆ ಎನ್ನಲಿಲ್ಲ. ಮುಂದಿನ ಸೀಟಿನ ಮೇಲಿದ್ದ ಈರುಳ್ಳಿಯ ಚೀಲವನ್ನು ಎತ್ತಿ ತನ್ನ ಕಾಲ ಬಳಿ ಇಟ್ಟುಕೊಂಡು ಜಾಗ ಮಾಡಿಕೊಟ್ಟಳು.

ಪ್ರಗತಿ ಕೂತಳು. ಗಾಡಿ ಹೊರಟಿತು. ಜುಲೈಯಿಂದ ಒಂದು ಹನಿ ಕಣ್ಣೀರು ಹಾಕದವಳಿಗೆ ಆಗ ಅಳು ಬಂತು, ಬಿಕ್ಕಿ ಬಿಕ್ಕಿ ಅತ್ತಳು. ಬೇಡ ಎಂದದ್ದನ್ನು ಕೇಳಿಸಿಕೊಳ್ಳುವುದು ಅಷ್ಟು ಸುಲಭದ ಕೆಲಸವಾಗಿತ್ತು.